ಕೆಂಪು ದೀಪ ಹೊತ್ತುತ್ತದೆ, ಬಾಯ್ಲರ್ ಹೊತ್ತುವುದಿಲ್ಲ

ಪ್ರಶ್ನೆ: ನಮ್ಮ ಮನೆಯದು ನೀರು ಕಾಯಿಸಿ ಇಡೀ ಮನೆಯನ್ನು ಬೆಚ್ಚಗಿಡುವ ಗ್ಯಾಸಿನ ಸೆಂಟ್ರಲ್ ಹೀಟಿಂಗ್ ಬಾಯ್ಲರ್, ಕಂಡೆನ್ಸಿಂಗ್ ಮಾದರಿ. ರಾತ್ರಿ ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿಯಾದರೆ ಬೆಳಿಗ್ಗೆ ಬಾಯ್ಲರ್ ಹೊತ್ತಿಕೊಳ್ಳುವುದಿಲ್ಲ. ರೀಸೆಟ್ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಟಿಕ್ ಟಿಕ್ ಎಂದು ಕಿಡಿ ಹಾರುವ ಸದ್ದು ಬರುತ್ತದೆ, ಒಮ್ಮೊಮ್ಮೆ ಉರಿ ಹತ್ತಿ ಗುಳುಗುಳು ಎಂದು ಆರಿಹೋಗುತ್ತದೆ. ಕೊನೆಗೆ ಕೆಂಪು ದೀಪ. ಮಧ್ಯಾಹ್ನದ ಹೊತ್ತಿಗೆ ಒತ್ತಿದರೆ ಸಲೀಸಾಗಿ ಹೊತ್ತುತ್ತದೆ. ಹೀಗಾಗಿ ರಿಪೇರಿಯವರು ಬಂದಾಗ ಯಾವ ದೋಷವೂ ಕಾಣುವುದಿಲ್ಲ. ಸರ್ಕ್ಯೂಟ್ ಬೋರ್ಡ್ ಬದಲಿಸಿ ನೋಡೋಣ ಅನ್ನುತ್ತಿದ್ದಾರೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಮುಚ್ಚಳ ಬಿಚ್ಚಿ ನಾನೇ ನೋಡಲೆ?

ಉತ್ತರ: ಮುಚ್ಚಳ ಬಿಚ್ಚಬೇಡಿ. ಬೋರ್ಡನ್ನೂ ಸದ್ಯಕ್ಕೆ ಬದಲಿಸಬೇಡಿ. ನೀವು ಬರೆದಿರುವ ಎರಡು ಸಂಗತಿ, ಗುಳುಗುಳು ಸದ್ದು ಮತ್ತು ಮಧ್ಯಾಹ್ನ ತಾನಾಗಿ ಸರಿಹೋಗುವುದು, ನನ್ನನ್ನು ಗೋಡೆಯ ಆಚೆಗೆ ಕರೆದೊಯ್ಯುತ್ತಿವೆ. ಬಾಯ್ಲರ್ ರಿಪೇರಿಯೇ ನನ್ನ ಕಸುಬು. ಚಳಿ ಏರಿದ ವಾರಗಳಲ್ಲಿ ನನಗೆ ಬರುವ ಕರೆಗಳಲ್ಲಿ ಇಂಥವು ಬಹಳ.

ಬಾಯ್ಲರ್ ಹೊತ್ತುವುದಕ್ಕೆ ಒಂದು ಕ್ರಮವಿದೆ. ಮನೆಯ ಬಿಸಿ ಅಳೆಯುವ ಥರ್ಮೋಸ್ಟಾಟ್ ಶಾಖ ಕೇಳುತ್ತದೆ, ಪಂಪ್ ನೀರು ತಿರುಗಿಸುತ್ತದೆ, ಫ್ಯಾನ್ ಗಾಳಿ ಎಳೆಯುತ್ತದೆ, ಆಮೇಲೆ ಕಿಡಿ, ಅದರೊಟ್ಟಿಗೆ ಗ್ಯಾಸ್ ವಾಲ್ವ್ ತೆರೆಯುತ್ತದೆ. ಕೆಲವೇ ಸೆಕೆಂಡಿನಲ್ಲಿ ಜ್ವಾಲೆ ಇದೆಯೆಂದು ಖಾತ್ರಿಯಾಗದಿದ್ದರೆ ಗ್ಯಾಸ್ ನಿಲ್ಲುತ್ತದೆ. ಕೆಲವು ಸಲ ಪ್ರಯತ್ನಿಸಿ ಬಾಯ್ಲರ್ ಲಾಕ್ ಆಗುತ್ತದೆ, ಅಂದರೆ ರೀಸೆಟ್ ಒತ್ತುವವರೆಗೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ನಿಮ್ಮದು ಕಿಡಿಯವರೆಗೂ ಬಂದು ಸೋಲುತ್ತಿದೆ, ಕೆಲವೊಮ್ಮೆ ಉರಿಯೂ ಹತ್ತುತ್ತಿದೆ. ಅಂದರೆ ಕರೆಂಟ್, ಥರ್ಮೋಸ್ಟಾಟ್, ಫ್ಯಾನ್ ಇವುಗಳ ಮೇಲೆ ಅನುಮಾನ ಕಡಿಮೆ.

ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿನ ಶಾಖವನ್ನೂ ಹಿಂಡಿ ತೆಗೆಯುತ್ತದೆ. ಹಾಗೆ ಹೊಗೆ ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಅದರಲ್ಲಿನ ಆವಿ ನೀರಾಗಿ ಇಳಿಯುತ್ತದೆ. ತುಸು ಆಮ್ಲೀಯವಾದ ಈ ನೀರು ತೆಳ್ಳಗಿನ ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಆ ಪೈಪಿನ ಒಂದಿಷ್ಟು ಭಾಗ ಮನೆಯ ಹೊರಗೋಡೆಯ ಮೇಲಿದ್ದರೆ, ರಾತ್ರಿಯ ಚಳಿಗೆ ತೊಟ್ಟು ತೊಟ್ಟಾಗಿ ಹರಿಯುವ ನೀರು ಅಲ್ಲೇ ಮಂಜುಗಡ್ಡೆಯಾಗಿ ದಾರಿ ಮುಚ್ಚಿಬಿಡುತ್ತದೆ. ನೀರು ಹಿಂದಕ್ಕೆ ಏರಿ ಬಾಯ್ಲರ್ ಒಳಗೆ ನಿಲ್ಲುತ್ತದೆ, ಉರಿ ನಿಲ್ಲಲು ಬಿಡುವುದಿಲ್ಲ. ಗುಳುಗುಳು ಅನ್ನುವುದು ಆ ನೀರೇ. ಬಿಸಿಲೇರಿ ಗಡ್ಡೆ ಕರಗಿದರೆ ಎಲ್ಲ ಸರಿ. ರಿಪೇರಿಯವರಿಗೆ ಏನೂ ಸಿಗದಿರುವುದು ಸಹಜ.

ಮತ್ತೆ ಹೀಗಾದ ದಿನ ಮೊದಲು ಬಾಯ್ಲರ್ ಆಫ್ ಮಾಡಿ ಹೊರಗೆ ಹೋಗಿ ಆ ಪೈಪನ್ನು ಹುಡುಕಿ. ಪಕ್ಕದಲ್ಲೇ ತಾಮ್ರದ ಇನ್ನೊಂದು ಪೈಪ್ ಇದ್ದೀತು. ಅದು ಒತ್ತಡ ಹೆಚ್ಚಾದಾಗ ನೀರು ಬಿಡುವ ಸುರಕ್ಷತಾ ವಾಲ್ವಿನದು, ಅದರ ತಂಟೆಗೆ ಹೋಗಬೇಡಿ. ಪ್ಲಾಸ್ಟಿಕ್ ಪೈಪಿನ ಮೇಲೆ, ಮುಖ್ಯವಾಗಿ ಬಾಗು ಮತ್ತು ತುದಿಯಲ್ಲಿ, ಬೆಚ್ಚಗಿನ ನೀರು ಸುರಿಯಿರಿ. ಕುದಿಯುವ ನೀರು ಖಂಡಿತ ಬೇಡ, ಪೈಪ್ ಸೀಳಬಹುದು. ನೆಲಕ್ಕೆ ಬಿದ್ದ ನೀರು ಮತ್ತೆ ಹೆಪ್ಪುಗಟ್ಟಿ ಜಾರುತ್ತದೆ, ಅತ್ತೆಯವರು ಆ ಕಡೆ ಓಡಾಡದಂತೆ ನೋಡಿಕೊಳ್ಳಿ. ಪೈಪ್ ಎತ್ತರದಲ್ಲಿದ್ದರೆ ಏಣಿ ಹತ್ತುವ ಸಾಹಸ ಬೇಡ, ಜನ ಕರೆಸಿ. ಆಮೇಲೆ ಒಂದು ಸಲ ರೀಸೆಟ್ ಒತ್ತಿ. ಹೊತ್ತಿಕೊಂಡರೆ ಕಾರಣ ಸಿಕ್ಕಿತು ಅಂತಲೇ ತಿಳಿಯಿರಿ.

ಶಾಶ್ವತ ಪರಿಹಾರವೂ ಕಷ್ಟದ್ದಲ್ಲ. ಹೊರಗಿನ ಭಾಗವನ್ನು ಆದಷ್ಟು ಗಿಡ್ಡ ಮಾಡಿಸಿ, ಇಳಿಜಾರು ಹೆಚ್ಚಿಸಿ, 21.5 ಮಿಲಿಮೀಟರ್ ಪೈಪ್ ಇದ್ದರೆ 32 ಮಿಲಿಮೀಟರಿನದು ಹಾಕಿಸಿ, ಮೇಲೆ ನೀರು ಕುಡಿಯದ ಫೋಮ್ ಹೊದಿಕೆ ಸುತ್ತಿಸಿ. ಸಾಧ್ಯವಿದ್ದರೆ ಪೈಪನ್ನು ಮನೆಯೊಳಗಿನ ಒಳಚರಂಡಿ ಪೈಪಿಗೇ ಸೇರಿಸುವುದು ನನ್ನ ಮೊದಲ ಆಯ್ಕೆ. ಬೋರ್ಡಿನ ಬೆಲೆ ತೆರುವ ಮೊದಲು ಇಷ್ಟನ್ನು ಮಾಡಿಸಿ ಎಂದು ಒತ್ತಿ ಹೇಳುತ್ತೇನೆ.

ಪೈಪಿನಲ್ಲಿ ಗಡ್ಡೆ ಇಲ್ಲದೆಯೂ ಹೊತ್ತದಿದ್ದರೆ ಗ್ಯಾಸ್ ಒಲೆ ಹಚ್ಚಿ ನೋಡಿ, ಗ್ಯಾಸ್ ಬರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಒತ್ತಡದ ಗೇಜ್ ಕೂಡ ನೋಡಿ, ಬಾಯ್ಲರ್ ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಎರಡೂ ಸರಿಯಿದ್ದರೆ ಜ್ವಾಲೆಯನ್ನು ಗುರುತಿಸುವ ಎಲೆಕ್ಟ್ರೋಡ್ ಮಸಿ ಹಿಡಿದಿರಬಹುದು. ಅದರಲ್ಲಿ ಹರಿಯುವುದು ಕೆಲವೇ ಮೈಕ್ರೋಆಂಪ್ ಕರೆಂಟ್. ಮಸಿ ಕೂತರೆ ಅಷ್ಟೂ ಹರಿಯದೆ, ಉರಿ ಇದ್ದರೂ ಇಲ್ಲವೆಂದೇ ಬಾಯ್ಲರ್ ಗ್ಯಾಸ್ ನಿಲ್ಲಿಸುತ್ತದೆ. ಇದು ಗ್ಯಾಸ್ ಕೆಲಸದ ಪರವಾನಗಿ ಇರುವವರು ಮಾಡಬೇಕಾದದ್ದು. ಎಷ್ಟೋ ಬಾಯ್ಲರ್‌ಗಳಲ್ಲಿ ಮುಂದಿನ ಮುಚ್ಚಳವೇ ಹೊಗೆಯನ್ನು ಒಳಗೆ ತಡೆಯುವ ಸೀಲ್. ಬಿಚ್ಚಿ ಸರಿಯಾಗಿ ಕೂರಿಸದಿದ್ದರೆ ಕಾರ್ಬನ್ ಮಾನಾಕ್ಸೈಡ್ ಮನೆಗೆ ನುಗ್ಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅಲಾರಂ ಮನೆಯಲ್ಲಿ ಇಲ್ಲದಿದ್ದರೆ ಈ ವಾರವೇ ಹಾಕಿಸಿ. ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು ಬಂದರೆ ಬಾಯ್ಲರ್ ನಿಲ್ಲಿಸಿ ಹೊರಗೆ ಬನ್ನಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆರೆದು, ಮೀಟರ್ ಬಳಿಯ ವಾಲ್ವ್ ಮುಚ್ಚಿ, ಹೊರಗೆ ನಿಂತು ಗ್ಯಾಸಿನ ತುರ್ತು ಸೇವೆಗೆ ಫೋನ್ ಮಾಡಿ.