ಮೂರು ಕಡೆಗೂ ಟೀಚರೇ ಬೇಕು

ಇವರನ್ನು ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಊರಿನವರೂ ಹಾಗೇ ಕರೆಯುವುದು. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಪಂಚಾಯತಿನವರು. ವಯಸ್ಸು ಮೂವತ್ತು ದಾಟಿದೆ, ಒಬ್ಬಳು ಮಗಳಿದ್ದಾಳೆ. ಗಂಡನಿಗೆ ಮಂಗಳೂರಿನಲ್ಲಿ ಕೆಲಸ, ಬೆಳಗ್ಗೆ ರೈಲು ಹತ್ತಿದರೆ ಮನೆ ಸೇರುವಾಗ ರಾತ್ರಿ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲಿಕ್ಕೆ ಅವರ ಒಪ್ಪಿಗೆ ಇದೆ.

ಟೀಚರ್ ಶಾಲೆಗಳಿಗೆ ಹೋಗಿ ಕಲೋತ್ಸವಕ್ಕೆ, ಅಂದರೆ ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆಗೆ, ಸಂಘನೃತ್ಯ, ಜಾನಪದ ನೃತ್ಯ ಕಟ್ಟಿಕೊಡುತ್ತಾರೆ. ಮನೆಯಲ್ಲಿ ರೇಷ್ಮೆ ನೂಲಿನ ಬಳೆ, ಜುಮುಕಿ, ಮಕ್ಕಳ ಜಡೆಗೆ ಬಟ್ಟೆಯ ಮಲ್ಲಿಗೆ ದಂಡೆ, ಅಡಿಕೆ ಹಾಳೆಯಲ್ಲಿ ಗೋಡೆಗೆ ತೂಗುವ ಮುಖವಾಡ ಮಾಡಿ ಮಾರುತ್ತಾರೆ. ಇದರ ಮೇಲೆ ಊರಿನ ಕ್ಲಬ್ಬು ಮತ್ತು ಗ್ರಂಥಾಲಯದ ಕಾರ್ಯಕ್ರಮಗಳು. ಮಕ್ಕಳಿಗೆ ಡ್ಯಾನ್ಸ್ ಕಲಿಸುವುದರಿಂದ ಹಿಡಿದು ಬ್ಯಾನರಿನ ಕನ್ನಡ ತಿದ್ದುವವರೆಗೆ ಎಲ್ಲ ಇವರದೇ.

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಅವರು ಬಂದದ್ದು ಮರೆವಿನ ಭಯದಿಂದ. ಒಂದು ಶಾಲೆಯಲ್ಲಿ ಅಭ್ಯಾಸ ಮಾಡಿಸುತ್ತಿದ್ದಾಗ ತಾವೇ ಕಟ್ಟಿದ ಸ್ಟೆಪ್ ಮರೆತುಹೋಯಿತು. ಹಾಡು ಓಡುತ್ತಿತ್ತು. ಏಳು ಮಕ್ಕಳು ಇವರ ಮುಖವನ್ನೇ ನೋಡುತ್ತಿದ್ದರು. ಎತ್ತಿದ ಕೈ ಹಾಗೇ ನಿಂತಿತ್ತು, ಮುಂದೆ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಕೊನೆಗೆ ಒಬ್ಬಳು ಹುಡುಗಿ "ಟೀಚರೇ, ಇಲ್ಲಿ ಸುತ್ತು ಉಂಟು" ಎಂದಳಂತೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಿದ್ದಾರೆ. "ಮೇಡಂ, ನನ್ನ ತಲೆಯೊಳಗೆ ಏನೋ ಆಗಿದೆ. ನಮ್ಮ ಅಜ್ಜಿಗೂ ಕೊನೆಗಾಲಕ್ಕೆ ಮರೆವು ಬಂದಿತ್ತು."

ನಿದ್ದೆಯ ಬಗ್ಗೆ ಕೇಳಿದೆ. ಮಗಳು ಮಲಗಿದ ಮೇಲೆ ನೂಲು ಸುತ್ತಲು ಕೂತರೆ ಏಳುವುದು ನಡುರಾತ್ರಿ ಕಳೆದ ಮೇಲೆ. ಬೆಳಗ್ಗೆ ಐದಕ್ಕೆ ಮತ್ತೆ ಒಲೆ ಮುಂದೆ. ಮಧ್ಯಾಹ್ನದ ಊಟ ಎಷ್ಟೋ ದಿನ ಬಸ್ಸಿನಲ್ಲಿ ಎರಡು ಬಾಳೆಹಣ್ಣು. ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಗ್ಗೆ ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿ ನೋವು. ಮೊದಲು ಡಾಕ್ಟರಲ್ಲಿಗೆ ಕಳಿಸಿದೆ. ರಕ್ತ ಕಡಿಮೆ ಇದೆ ಎಂದು ಗೊತ್ತಾಗಿ ಕಬ್ಬಿಣಾಂಶದ ಮಾತ್ರೆ ಶುರುವಾಯಿತು. ಥೈರಾಯ್ಡ್ ಸರಿಯಾಗಿತ್ತು. ಮನಸ್ಸಿನ ಆಯಾಸ ಅಂತ ಬಂದವರ ಮೈಯನ್ನು ಮೊದಲು ನೋಡಿಸಲೇಬೇಕು. ನಮ್ಮ ಹೆಂಗಸರು ರಕ್ತಹೀನತೆಯನ್ನು ತಮ್ಮ ಸೋಮಾರಿತನ ಎಂದುಕೊಂಡು ವರ್ಷಗಟ್ಟಲೆ ಓಡಾಡುತ್ತಾರೆ.

ಸಾಯುವ ಯೋಚನೆ ಬರುತ್ತದಾ ಎಂದೂ ನೇರವಾಗಿ ಕೇಳಿದೆ. ಇಲ್ಲ ಎಂದರು, ಎಲ್ಲ ಬಿಟ್ಟು ಎಲ್ಲಿಗಾದರೂ ಹೋಗಿಬಿಡೋಣ ಎನಿಸುತ್ತದೆ ಎಂದರು. ಹಾಗೇನಾದರೂ ಜಾಸ್ತಿಯಾದರೆ ರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು ಎಂದು ಬರೆದುಕೊಟ್ಟೆ.

"ಹಾಗಾದ್ರೆ ಇದು ಕಾಯಿಲೆಯಾ ಮೇಡಂ?" ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ತನ್ನ ಹೊಸ ಪಟ್ಟಿಗೆ ಬರ್ನ್‌ಔಟ್ ಎಂಬುದನ್ನು ಸೇರಿಸಿದಾಗ ಅದನ್ನು ಕಾಯಿಲೆ ಎನ್ನಲಿಲ್ಲ, ಕೆಲಸದ ಒತ್ತಡ ಸರಿಯಾಗಿ ನಿಭಾಯಿಸಲಾಗದೆ ಬರುವ ಸ್ಥಿತಿ ಎಂದಿತು. ಮೈ ಸೋತಿರುತ್ತದೆ, ಪ್ರೀತಿಯ ಕೆಲಸವೇ ಬೇಡವೆನಿಸುತ್ತದೆ, ನನ್ನಿಂದ ಏನೂ ಆಗುವುದಿಲ್ಲ ಎಂಬ ಭಾವ ಬರುತ್ತದೆ. ಮೂರೂ ಟೀಚರಲ್ಲಿ ಕಾಣುತ್ತಿತ್ತು. ಮಾರ್ಚ್ ಆದ ಮೇಲೆ ಗೆಜ್ಜೆ ಮುಟ್ಟಲೂ ಮನಸ್ಸಿಲ್ಲ ಎಂದಿದ್ದರು.

ಹೆಚ್ಚಿನವರು ಇಲ್ಲಿ ಕೊಡುವ ಸಲಹೆ ಒಂದೇ: ಏನಾದರೂ ಒಂದು ಬಿಟ್ಟುಬಿಡಿ. ಅವರ ಅತ್ತೆಯೂ ಅದನ್ನೇ ಹೇಳಿದ್ದರು. ನಾನು ಹೇಳಲಿಲ್ಲ. ಮೂರು ಕೆಲಸ ಇರುವುದು ದೊಡ್ಡ ತೊಂದರೆ ಅಂತ ನನಗೆ ಅನಿಸಲಿಲ್ಲ. ಮೂರೂ ಒಂದೇ ತಿಂಗಳುಗಳಲ್ಲಿ ಬಂದು ಮೇಲೆ ಬೀಳುತ್ತಿದ್ದವು, ಮೂರಕ್ಕೂ ಗಡಿ ಇರಲಿಲ್ಲ.

ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆಸಿದೆ. ಶಾಲಾ ಮಟ್ಟದ ಕಲೋತ್ಸವ, ಅದಾದ ಮೇಲೆ ಉಪಜಿಲ್ಲೆ, ಮತ್ತೆ ಜಿಲ್ಲೆ, ಗೆದ್ದರೆ ಜನವರಿ ಹೊತ್ತಿಗೆ ರಾಜ್ಯ. ಅದೇ ಹೊತ್ತಿನಲ್ಲಿ ನವರಾತ್ರಿ, ದೀಪಾವಳಿಯ ಬಳೆ ಆರ್ಡರು. ಡಿಸೆಂಬರಿನಲ್ಲಿ ಕ್ಲಬ್ಬಿನ ವಾರ್ಷಿಕೋತ್ಸವ, ಆಮೇಲೆ ಶಾಲೆಗಳ ವಾರ್ಷಿಕೋತ್ಸವ, ಜಾತ್ರೆ. ಹಾಳೆಯ ಒಂದು ಬದಿಯಲ್ಲಿ ಜಾಗವಿಲ್ಲದೆ ಬರಹದ ಮೇಲೆ ಬರಹ. ಜೂನ್, ಜುಲೈ, ಆಗಸ್ಟ್ ಬಿಳಿಯಾಗಿ ಉಳಿದವು. "ಮಳೆಗಾಲದಲ್ಲಿ ಸುಮ್ನೆ ಕೂತಿರ್ತೇನೆ, ಆಗ ಬೇಜಾರು ಇನ್ನೂ ಜಾಸ್ತಿ" ಎಂದರು.

ನೂಲಿನ ಬಳೆ, ಜುಮುಕಿ, ಮಲ್ಲಿಗೆ ದಂಡೆ ಪೂರ್ತಿ ಮಳೆಗಾಲಕ್ಕೆ ಹಾಕಿದೆವು. ಅಡಿಕೆ ಹಾಳೆಯ ಮುಖವಾಡಕ್ಕೆ ಅದು ಆಗುವುದಿಲ್ಲ, ಬೂಸ್ಟು ಬರುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಟೀಚರೇ. ಹಾಳೆ ಬೇಸಿಗೆಯಲ್ಲಿ ಹೆಕ್ಕಿ ಒಣಗಿಸಬೇಕು, ಮುಖವಾಡವೂ ಮಳೆಗೆ ಮುಂಚೆ ಮುಗಿಯಬೇಕು. ನವೆಂಬರಿನಲ್ಲಿ ಯಾರು ಕೇಳಿದರೂ ಮಾಡಿಟ್ಟದ್ದರಲ್ಲಿ ಆರಿಸಿಕೊಳ್ಳಿ, ಹೊಸದು ಮಳೆಗಾಲದಲ್ಲಿ ಎಂಬ ನಿಯಮ ಮಾಡಿಕೊಂಡರು. ಬೆಲೆಯನ್ನೂ ನೋಡಿದೆವು. ಒಂದು ಜೊತೆ ಜುಮುಕಿಗೆ 120 ರೂಪಾಯಿ ತೆಗೆದುಕೊಳ್ಳುತ್ತಿದ್ದರು, ಸಾಮಾನಿಗೇ 60 ಹೋಗುತ್ತಿತ್ತು, ಕೂತು ಮಾಡಲು ಎರಡು ಗಂಟೆ. ಉಳಿದ 60 ರೂಪಾಯಿಯೇ ಅವರ ಎರಡು ಗಂಟೆಗೆ ಅವರೇ ಇಟ್ಟ ಬೆಲೆ. ಇದನ್ನು ಕಾಗದದ ಮೇಲೆ ನೋಡಿ ಬಹಳ ಹೊತ್ತು ಮಾತಾಡಲಿಲ್ಲ.

ನೃತ್ಯದ ವಿಷಯದಲ್ಲಿ ಕಷ್ಟ ಬೇರೆ. 2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯ ಕಲೋತ್ಸವ ನಡೆದಾಗ ಟೀಚರ್ ಪುಟ್ಟ ಮಗಳನ್ನು ಎತ್ತಿಕೊಂಡು ಹೋಗಿ ನೋಡಿ ಬಂದವರು. ತಾನು ಕಲಿಸಿದ ಮಕ್ಕಳು ಅಂಥ ಸ್ಟೇಜ್ ಹತ್ತಬೇಕು ಎಂಬ ಆಸೆ ಅಲ್ಲಿ ಹುಟ್ಟಿತು. ಆಸೆ ಒಳ್ಳೆಯದೇ. ಆದರೆ ಗೆಲ್ಲದಿದ್ದರೆ ತೀರ್ಪಿನ ಮೇಲೆ ಅಪೀಲು, ಅಪೀಲಿನ ಜೊತೆ ಹೆತ್ತವರ ಸಿಟ್ಟು, ಎಲ್ಲ ಬಂದು ನಿಲ್ಲುವುದು ಕಲಿಸಿದವರ ಮುಂದೆ. ಐದು ಶಾಲೆ ಒಪ್ಪಿಕೊಂಡಿದ್ದರು, ಐದಕ್ಕೂ ಬೇರೆ ಬೇರೆ ನೃತ್ಯ. ರಾತ್ರಿ ಹತ್ತಕ್ಕೆ ಅಮ್ಮಂದಿರು ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿ "ಕೈ ಸರಿ ಉಂಟಾ ಟೀಚರ್?" ಎಂದು ಕೇಳುತ್ತಿದ್ದರು. ನೂಲು ಸುತ್ತುತ್ತಲೇ ಅದನ್ನೂ ನೋಡಿ ಉತ್ತರಿಸುತ್ತಿದ್ದರು. ಅಂಥ ತಲೆಗೆ ಮರುದಿನ ಒಂದು ಸುತ್ತು ನೆನಪಾಗದಿದ್ದರೆ ಆಶ್ಚರ್ಯವಿಲ್ಲ. ನಿದ್ದೆಗೆಟ್ಟವರ ಮರೆವಿಗೂ ಅಜ್ಜಿಯ ಮರೆವಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ನಿದ್ದೆ ಸುಧಾರಿಸಿದ ಮೇಲೂ ಹೀಗಾದರೆ ಪರೀಕ್ಷೆ ಮಾಡಿಸೋಣ ಎಂದೆ. ಅದು ಬೇಕಾಗಲಿಲ್ಲ.

ಶಾಲೆಗಳನ್ನು ಎರಡಕ್ಕೆ ಇಳಿಸಿ, ಅರ್ಧ ಸಂಭಾವನೆ ಮುಂಗಡ ತೆಗೆದುಕೊಳ್ಳಿ, ಹಳೆಯ ವಿದ್ಯಾರ್ಥಿನಿ ಒಬ್ಬಳಿಗೆ ದಿನದ ಅಭ್ಯಾಸ ಒಪ್ಪಿಸಿ, ನೀವು ಹೊಸದು ಕಟ್ಟಲಿಕ್ಕೆ ಮತ್ತು ಕೊನೆಯ ತಿದ್ದುಪಡಿಗೆ ಮಾತ್ರ ಹೋಗಿ ಎಂದೆ. ವಿಡಿಯೋ ನೋಡುವುದು ಸಂಜೆ ಒಂದು ಹೊತ್ತಿನಲ್ಲಿ ಮಾತ್ರ. ಇಷ್ಟಕ್ಕೆ ಒಪ್ಪಿದರು.

ಒಪ್ಪದೆ ನಿಂತದ್ದು ಕ್ಲಬ್ಬಿನ ವಿಷಯದಲ್ಲಿ. ಅಲ್ಲಿಂದ ಒಂದು ಪೈಸೆ ಬರುವುದಿಲ್ಲ, ಆಯಾಸ ಹೆಚ್ಚು ಅಲ್ಲೇ. ಅಲ್ಲಾದರೂ ಕಡಿಮೆ ಮಾಡಬಹುದಲ್ವಾ ಎಂದು ಕೇಳಿದಾಗ ಅವರ ಸ್ವರ ಬದಲಾಯಿತು. "ನಾನು ಬಿಟ್ರೆ ಅಲ್ಲಿ ಕನ್ನಡದ ಒಂದು ಹಾಡೂ ಇರ್ಲಿಕ್ಕಿಲ್ಲ ಮೇಡಂ. ಮಕ್ಕಳು ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ವರ್ಷಕ್ಕೆ ಒಂದು ದಿನವಾದ್ರೂ ಬೇಡ್ವಾ?"

ಕಾಸರಗೋಡಿನ ಹೊರಗಿನವರಿಗೆ ಈ ಮಾತಿನ ಭಾರ ತಿಳಿಯುವುದು ಕಷ್ಟ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಎಳೆದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡಿಗರು ಭಾಷೆಯನ್ನು ಶಾಲೆಯಲ್ಲಿ, ಭಜನಾ ಮಂದಿರದಲ್ಲಿ, ಯಕ್ಷಗಾನದ ಕೂಟದಲ್ಲಿ, ಇಂಥ ಪುಟ್ಟ ಸ್ಟೇಜುಗಳಲ್ಲಿ ಹಿಡಿದಿಟ್ಟುಕೊಂಡೇ ಬಂದವರು. ಟೀಚರಿಗೆ ಕಾರ್ಯಕ್ರಮ ಬಿಡುವುದು ಎಂದರೆ ಅದನ್ನೇ ಬಿಟ್ಟ ಹಾಗೆ. ಅವರ ಈ ಕಾಳಜಿ ನನಗೂ ಇದೆ, ಅದನ್ನು ಕಡಿಮೆ ಮಾಡಿಕೊಳ್ಳಿ ಎಂದು ಯಾವ ಆಪ್ತಸಲಹೆಗಾರರೂ ಹೇಳಬಾರದು. ಆದರೆ ಒಂದು ಪ್ರಶ್ನೆ ಕೇಳಿದೆ. ನೀವು ಒಂದು ವರ್ಷ ಕಾಯಿಲೆ ಬಿದ್ದರೆ ಕಾರ್ಯಕ್ರಮ ಆಗುತ್ತದಾ? ಆಗುವುದಿಲ್ಲ ಎಂದರು. ಹಾಗಾದರೆ ಈಗ ಇರುವ ರೀತಿಯಲ್ಲಿ ಕನ್ನಡ ನಿಮ್ಮ ಒಬ್ಬರ ಆರೋಗ್ಯದ ಮೇಲೆ ನಿಂತಿದೆ. ಇನ್ನೂ ಮೂರು ಜನರಿಗೆ ಈ ಕೆಲಸ ಕಲಿಸುವುದೇ ನೀವು ಮಾಡಬಹುದಾದ ದೊಡ್ಡ ಸೇವೆ ಎಂದೆ.

ಇದು ಅವರ ಮನಸ್ಸಿಗೆ ಹೋಯಿತು. ಉಳಿದದ್ದು ಫೋನು. ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಕ್ಲಬ್ಬಿನ ಕಾರ್ಯದರ್ಶಿಯ ಪಾತ್ರ ನಾನು ಹಾಕಿಕೊಂಡೆ.

"ಟೀಚರೇ, ನೀವಿಲ್ಲದೆ ಆಗ್ಲಿಕ್ಕಿಲ್ಲ."

"ಆಯ್ತು ಅಣ್ಣ..." ಎಂದು ತಡೆದರು. ಕಣ್ಣು ತುಂಬಿತು. ಮತ್ತೆ ಮಾಡಿದೆವು. ಪುನಃ ಮಾಡಿದೆವು. ಕೊನೆಗೆ ಅವರಿಗೆ ಹೊಂದಿದ ಮಾತು ಇದು: "ಅಣ್ಣ, ಉದ್ಘಾಟನೆಯ ನೃತ್ಯ ನಾನು ನೋಡಿಕೊಳ್ತೇನೆ. ಉಳಿದದ್ದಕ್ಕೆ ಯಾರಿದ್ದಾರೆ ಹೇಳಿ, ಅವರ ಜೊತೆ ಒಂದು ದಿನ ಕೂರ್ತೇನೆ." ಬಾಯಿಮಾತಿಗೆ ಒಪ್ಪುವ ಬದಲು, ನಾಳೆ ಸಂಜೆ ಹೇಳ್ತೇನೆ ಎಂದು ಫೋನಿಡುವುದನ್ನೂ ಅಭ್ಯಾಸ ಮಾಡಿದರು.

ಗಂಡ ಒಮ್ಮೆ ಬಂದರು. ಶನಿವಾರ, ಭಾನುವಾರ ಅಡುಗೆ ತನ್ನದು ಎಂದರು, ಮಾಡುತ್ತಲೂ ಇದ್ದಾರಂತೆ.

ಆ ವರ್ಷ ಎರಡು ಶಾಲೆ. ಒಂದಕ್ಕೆ ಜಿಲ್ಲೆಯಲ್ಲಿ ಎ ಗ್ರೇಡ್ ಬಂತು, ಇನ್ನೊಂದು ಉಪಜಿಲ್ಲೆಯಲ್ಲೇ ನಿಂತಿತು. ನವೆಂಬರಿನಲ್ಲಿ ಮೂರನೇ ಶಾಲೆಗೆ ಹೂಂ ಎಂದುಬಿಟ್ಟು ನನಗೆ ಫೋನ್ ಮಾಡಿದರು. ಬೈಯಲಿಲ್ಲ. ನಿದ್ದೆ ಎಷ್ಟು ಗಂಟೆ ಎಂದು ಕೇಳಿದೆ. ಮರುದಿನ ಅವರೇ ಆ ಶಾಲೆಯ ಟೀಚರಿಗೆ ಕರೆ ಮಾಡಿ ಬೇರೆಯವರ ನಂಬರು ಕೊಟ್ಟರು. ಕ್ಲಬ್ಬಿನ ಕಾರ್ಯಕ್ರಮವನ್ನು ಗ್ರಂಥಾಲಯಕ್ಕೆ ಬರುವ ಕಾಲೇಜು ಮಕ್ಕಳು ನಡೆಸಿದರು. ಬ್ಯಾನರಿನಲ್ಲಿ ಎರಡು ತಪ್ಪು ಇತ್ತು, ಟೀಚರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ತಪ್ಪುಗಳ ಬಗ್ಗೆ ಮಾತಾಡಲಿಕ್ಕೇ ಒಂದು ಇಡೀ ಭೇಟಿ ಬೇಕಾಯಿತು.

ರಕ್ತ ಮತ್ತೆ ಪರೀಕ್ಷಿಸಿದಾಗ ಸುಧಾರಿಸಿತ್ತು. ಹಿಮ್ಮಡಿ ನೋವು ಇನ್ನೂ ಇದೆ, ಫಿಸಿಯೋಥೆರಪಿಗೆ ಹೋಗುತ್ತಿದ್ದಾರೆ. ಮುಂದಿನ ಭೇಟಿ ಜೂನ್ ಮೊದಲ ವಾರಕ್ಕೆ ಇಟ್ಟಿದ್ದೇವೆ. ಶಾಲೆ ತೆರೆದ ಕೂಡಲೇ ಕೇಳಿಕೊಂಡು ಬರುವವರು ಶುರುವಾಗುತ್ತಾರೆ, ಅದಕ್ಕೆ ಮುಂಚೆ ಈ ವರ್ಷದ ಹಾಳೆ ಬರೆದು ಮುಗಿಸಬೇಕು.