'ನೋಡಿ ಹೇಳ್ತೇವೆ' ಅಂದವರು ಹೇಳಲಿಲ್ಲ

ಓದುಗರ ಪತ್ರ: ನಾನು ಕಾರ್ಕಳ ಕಡೆಯವಳು. ಬಿ.ಕಾಂ. ಮುಗಿದು ಒಂದು ವರ್ಷ ಆಯ್ತು. ಮಂಗಳೂರು ಹತ್ತಿರದ ಬೈಕಂಪಾಡಿಯ ಒಂದು ಕಂಪೆನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಸಂದರ್ಶನಕ್ಕೆ ಹೋಗಿದ್ದೆ. ಜಿಎಸ್‌ಟಿಯ ಒಂದು ಪ್ರಶ್ನೆಗೆ ಬಾಯಿ ಕಟ್ಟಿತು. "ನೋಡಿ ಹೇಳ್ತೇವೆ" ಅಂದರು, ಮತ್ತೆ ಸುದ್ದಿ ಇಲ್ಲ. ಆಮೇಲೆ ನಾಲ್ಕು ತಿಂಗಳಿಂದ ಒಂದೂ ಅರ್ಜಿ ಕಳಿಸಿಲ್ಲ. ಹನ್ನೊಂದು ಅರ್ಜಿ ಡ್ರಾಫ್ಟಿನಲ್ಲೇ ಇವೆ. ಕಳಿಸುವ ಅಂದರೆ ಹೊಟ್ಟೆಯಲ್ಲಿ ಸಂಕಟ ಆಗ್ತದೆ. ಈಗ ಅದೇ ಕಂಪೆನಿ ಮತ್ತೆ ಜನ ಕೇಳಿದೆ. ಹಾಕಬಹುದಾ? (ಹೆಸರು ಬೇಡ)

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೆ ಕೊನೆಗೇ ಬರುವ. ಮೊದಲು ಆ ಹನ್ನೊಂದು ಡ್ರಾಫ್ಟು.

ಹನ್ನೊಂದು ಅರ್ಜಿ ಬರೆದವರನ್ನು ಸೋಮಾರಿ ಎನ್ನಲಾಗದು. ನೀವು ಸಿಕ್ಕಿಬಿದ್ದಿರುವುದು ಕೊನೆಯ ಅರ್ಧ ನಿಮಿಷದಲ್ಲಿ. ಕಳಿಸಲು ಹೊರಟಾಗ ಎದೆ ಹೊಡೆದುಕೊಳ್ಳುತ್ತದೆ, ಲ್ಯಾಪ್‌ಟಾಪ್ ಮುಚ್ಚುತ್ತೀರಿ, ತಕ್ಷಣ ಹಗುರ ಅನಿಸುತ್ತದೆ. ಆ ಹಗುರವೇ ಇಲ್ಲಿ ಕಳ್ಳ. ಮುಚ್ಚಿದ್ದರಿಂದ ಬಚಾವಾದೆ ಎಂದು ಮನಸ್ಸು ಪ್ರತಿ ಸಲ ಕಲಿಯುತ್ತದೆ, ಮುಂದಿನ ಸಲ ಹೆದರಿಕೆ ಇನ್ನೂ ಬೇಗ ಬರುತ್ತದೆ. ಆದ್ದರಿಂದ ಹೆದರಿಕೆ ಹೋದ ಮೇಲೆ ಕಳಿಸುತ್ತೇನೆ ಎಂದು ಕಾದರೆ ಆಗುವ ಕೆಲಸವಲ್ಲ. ಸಂಕಟ ಇದ್ದ ಹಾಗೆಯೇ ಕಳಿಸಬೇಕು, ಏನೂ ಅನಾಹುತ ಆಗಲಿಲ್ಲ ಎಂದು ಮೈಗೆ ಗೊತ್ತಾಗಬೇಕು. ಒಂದು ಸಲಕ್ಕೆ ಗೊತ್ತಾಗುವುದಿಲ್ಲ, ಏಳೆಂಟು ಸಲ ಬೇಕು.

ಹೀಗೆ ಮಾಡಿ. ಹನ್ನೊಂದನ್ನೂ ಮೂರು ಪಾಲು ಮಾಡಿ: ಸಿಗಲೇಬೇಕು ಅನ್ನುವವು, ಸಿಕ್ಕಿದರೆ ಒಳ್ಳೆಯದು ಅನ್ನುವವು, ಸಿಗದಿದ್ದರೂ ನಿದ್ದೆ ಕೆಡದವು. ಕೊನೆಯ ಪಾಲಿನಿಂದ ಶುರು ಮಾಡಿ. ಹೆಚ್ಚಿನವರು ಬಹಳ ಆಸೆಪಟ್ಟ ಕೆಲಸಕ್ಕೇ ಮೊದಲ ಅರ್ಜಿ ಹಾಕಿ, ಅಲ್ಲಿ ಆಗದೆ, ತಿಂಗಳುಗಟ್ಟಲೆ ಕೂತುಬಿಡುತ್ತಾರೆ. ವಾರಕ್ಕೆ ಎರಡು ಸಾಕು, ಆದರೆ ದಿನ, ಗಂಟೆ ನಿಗದಿಯಾಗಿರಲಿ. ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಹನ್ನೊಂದು ಅಂತಿಟ್ಟುಕೊಳ್ಳಿ. ಅರ್ಜಿ ತಿದ್ದಲು ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಆಮೇಲಿನ ತಿದ್ದುವಿಕೆ ಎಲ್ಲ ಕಳಿಸದೇ ಇರಲು ಹುಡುಕಿದ ನೆಪ. ಕಳಿಸಿದ ಕೂಡಲೇ ಎದ್ದು ಹೊರಗೆ ಹೋಗಿ. ಸಂಜೆಯವರೆಗೆ ಮೇಲ್ ತೆರೆಯಬೇಡಿ.

ಒಂದು ನೋಟ್‌ಬುಕ್ ಇರಲಿ. ಕಳಿಸಿದ ದಿನ, ಹುದ್ದೆ, ಯಾವ ಬಯೋಡಾಟಾ, ಏನು ಉತ್ತರ, ಇಷ್ಟೇ ಬರೆಯಿರಿ. ಏಳು ಕೆಲಸದ ದಿನ ಕಳೆದರೂ ಸುದ್ದಿ ಇಲ್ಲದಿದ್ದರೆ ಎರಡು ಸಾಲಿನ ಒಂದು ಮೇಲ್ ಹಾಕಿ. ಇನ್ನೊಂದು ವಾರ ನೋಡಿ ನೋಟ್‌ಬುಕ್ಕಿನ ಆ ಸಾಲಿಗೆ ಗೀಟು ಎಳೆಯಿರಿ. ಹದಿನೈದು ಅರ್ಜಿ ಹೋದ ಮೇಲೆ ಪುಸ್ತಕವೇ ಮಾತಾಡುತ್ತದೆ. ಒಂದು ಕಡೆಯಿಂದಲೂ ಕರೆ ಬರದಿದ್ದರೆ ನಿಮ್ಮನ್ನು ಇನ್ನೂ ಯಾರೂ ನೋಡಿಯೇ ಇಲ್ಲ, ತಿದ್ದಬೇಕಾದ್ದು ಕಾಗದ. ಕರೆ ಬಂದೂ ಕೆಲಸ ಆಗದಿದ್ದರೆ ಅಭ್ಯಾಸ ಬೇಕಾದ್ದು ಸಂದರ್ಶನಕ್ಕೆ. ಎರಡನ್ನೂ ಸೇರಿಸಿ 'ನಾನು ಪ್ರಯೋಜನ ಇಲ್ಲ' ಎಂದು ಓದುವುದು ಲೆಕ್ಕ ಓದಿದವರಿಗೆ ಶೋಭೆಯಲ್ಲ.

ಕಾಗದದ ಮಾತು ಬಂತು. ಹೊಸಬರ ಬಯೋಡಾಟಾ ಒಂದೇ ಪುಟ ಇರಲಿ, ಪಿಡಿಎಫ್ ಆಗಿರಲಿ, ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರೂ ಹುದ್ದೆಯೂ ಇರಲಿ. ಆಧಾರ್ ಸಂಖ್ಯೆ ಹಾಕಬೇಡಿ. 'ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಗೊತ್ತು' ಎಂದರೆ ಓದುವವರಿಗೆ ಏನೂ ತಿಳಿಯದು. ಖರೀದಿ, ಮಾರಾಟದ ವೋಚರ್ ಹಾಕಬಲ್ಲೆ, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡಬಲ್ಲೆ ಎಂದು ನಿಜವಾಗಿ ಬರುವುದನ್ನು ಬರೆಯಿರಿ.

ಇನ್ನು 'ನೋಡಿ ಹೇಳ್ತೇವೆ'. ಇದು ನಮ್ಮ ಊರಿನ ಬಹಳ ಹಳೆಯ ವಾಕ್ಯ. ಮುಖಕ್ಕೆ ಇಲ್ಲ ಎನ್ನಲು ನಮ್ಮವರಿಗೆ ಸಂಕೋಚ. ಆದರೆ ಉತ್ತರ ಬಾರದ್ದಕ್ಕೆಲ್ಲ ತಿರಸ್ಕಾರವೇ ಕಾರಣವಲ್ಲ. ಅಕೌಂಟ್ಸ್ ವಿಭಾಗದ ತಿಂಗಳು ಹೇಗೆ ಓಡುತ್ತದೆ ನೋಡಿ: 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಹಿಡಿದಿಟ್ಟ ತೆರಿಗೆ) ಕಟ್ಟಬೇಕು, ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತಿಂಗಳ ಒಟ್ಟು ತೆರಿಗೆ ಲೆಕ್ಕ) ಸಲ್ಲಿಸಬೇಕು. ಸಣ್ಣ ಕಂಪೆನಿಯಲ್ಲಿ ಇದನ್ನು ಮಾಡುವವರೇ ನಿಮ್ಮ ಅರ್ಜಿಯನ್ನೂ ಓದುವುದು. ಕೊನೆಯ ದಿನಾಂಕ ಬೇರೆ ಕೊಟ್ಟಿಲ್ಲದಿದ್ದರೆ ಇಂಥ ಹುದ್ದೆಗೆ 21ರ ನಂತರ ಕಳಿಸಿ, ವಿಚಾರಿಸುವಾಗಲೂ ಈ ತಾರೀಕುಗಳನ್ನು ತಪ್ಪಿಸಿ.

ಬಾಯಿ ಕಟ್ಟಿದ ವಿಷಯ. ಪ್ರಶ್ನೆ ಏನೆಂದು ನೀವು ಬರೆದಿಲ್ಲ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಉತ್ತರ ಹುಡುಕಿ, ಜೋರಾಗಿ ಎರಡು ನಿಮಿಷ ಹೇಳಿ. ಮನಸ್ಸಿನಲ್ಲೇ ಓದಿಕೊಂಡರೆ ನಾಲಿಗೆಗೆ ಅಭ್ಯಾಸ ಆಗದು. ಗೊತ್ತಿಲ್ಲದ್ದಕ್ಕೂ ಮೂರು ತುಂಡಿನ ಒಂದು ಉತ್ತರ ಇಟ್ಟುಕೊಳ್ಳಿ: ಮಾಡಿಲ್ಲ ಎನ್ನುವುದು, ಅದರ ಹತ್ತಿರದ್ದು ಏನು ಮಾಡಿದ್ದೀರಿ, ಗೊತ್ತು ಮಾಡಿಕೊಳ್ಳುವುದು ಹೇಗೆ. "3ಬಿ ನಾನೇ ಸಲ್ಲಿಸಿಲ್ಲ ಸರ್. ಖರೀದಿ ಪುಸ್ತಕವನ್ನು ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿಯ ಜೊತೆ ತಾಳೆ ನೋಡಿ ಕಲಿತಿದ್ದೇನೆ. ಒಂದು ತಿಂಗಳ ಹಳೆಯ ರಿಟರ್ನ್ ನೋಡಲು ಕೊಟ್ಟರೆ ಹಿಡಿದುಕೊಳ್ಳುತ್ತೇನೆ." ಮಧ್ಯದ ಸಾಲು ನಿಜವಾಗಿರಬೇಕು, ಅಲ್ಲಿ ಸುಳ್ಳು ಹೇಳಿದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಒಳಗೆ ಕರೆಯುವ ಮುಂಚೆ ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ, ಐದಾರು ಸಲ. ಎದೆಬಡಿತ ತುಸು ಇಳಿಯುತ್ತದೆ.

ಅರ್ಧ ಹೆದರಿಕೆ ಕಂಪೆನಿಯದ್ದಲ್ಲ, ಮದುವೆ ಮನೆಯಲ್ಲಿ ಕೆಲಸದ ಬಗ್ಗೆ ಕೇಳುವ ನೆಂಟರದ್ದು. 1906ರಿಂದ 1931ರ ಒಳಗೆ ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತ ಅವಿಭಜಿತ ಜಿಲ್ಲೆ ನಮ್ಮದು. ಅವುಗಳಲ್ಲಿ ಮೂರು 2019 ಮತ್ತು 2020ರಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು, "ಬ್ಯಾಂಕಿಗೆ ಬರೆದಿಯಾ?" ಎಂಬ ಪ್ರಶ್ನೆ ಮಾತ್ರ ವಿಲೀನವಾಗಲಿಲ್ಲ. ಅರ್ಜಿ ಹಾಕಿದ್ದನ್ನು ಮನೆಯಲ್ಲಿ ಒಬ್ಬರಿಗೆ ಮಾತ್ರ ಹೇಳಿ. ಹತ್ತು ಜನರಿಗೆ ಹೇಳಿದರೆ ಆಗಲಿಲ್ಲ ಎಂದು ಹತ್ತು ಸಲ ಹೇಳಬೇಕು. ಉಳಿದವರಿಗೆ, "ಹಾಕ್ತಾ ಇದ್ದೇನೆ ಅತ್ತೆ, ಆದಾಗ ಹೇಳ್ತೇನೆ. ಊಟ ಆಯ್ತಾ?" ಬ್ಯಾಂಕ್ ಪರೀಕ್ಷೆ ಬರೆಯುವುದಾದರೆ ಬರೆಯಿರಿ, ಐಬಿಪಿಎಸ್ ಕ್ಲರ್ಕ್ ಹುದ್ದೆಗೆ ಸಂದರ್ಶನ ಇಲ್ಲ. ಆದರೆ ಸಂದರ್ಶನ ತಪ್ಪಿಸಲಿಕ್ಕೆಂದೇ ಅದನ್ನು ಹಿಡಿದರೆ ಅದು ಇನ್ನೊಂದು ಮುಚ್ಚಿದ ಲ್ಯಾಪ್‌ಟಾಪ್.

ಕೆಲಸ ಕೊಡಲು ಮೊದಲು ದುಡ್ಡು ಕೇಳುವವರಿಗೆ ಒಂದು ರೂಪಾಯಿ ಕೊಡಬೇಡಿ. ಆನ್‌ಲೈನಿನಲ್ಲಿ ಕೊಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎರಡು ವಾರ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಅನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಶುಲ್ಕ ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ಆ ಕಂಪೆನಿ. ಹಾಕಿ. ಅವರು ಮತ್ತೆ ಜನ ಕೇಳಿದ್ದಾರೆಂದರೆ ಆಗ ಸೇರಿದವರು ಬಿಟ್ಟಿರಬಹುದು, ಅಥವಾ ಯಾರನ್ನೂ ತೆಗೆದುಕೊಂಡೇ ಇರಲಿಕ್ಕಿಲ್ಲ. ಹಳೆಯ ಸಂದರ್ಶನವನ್ನು ಮುಚ್ಚಿಡಬೇಡಿ. ಮೊದಲ ಸಾಲಿನಲ್ಲೇ ನಾಲ್ಕು ತಿಂಗಳ ಹಿಂದೆ ಬಂದಿದ್ದೆ ಎಂದು ಬರೆಯಿರಿ, ಎರಡನೆಯದರಲ್ಲಿ ಅಂದು ತಪ್ಪಿದ ಪ್ರಶ್ನೆಗೆ ಈಗ ಏನು ಕಲಿತಿದ್ದೀರಿ ಎಂದು. ಆದರೆ ಇದು ನಿಮ್ಮ 'ಸಿಗಲೇಬೇಕು' ಪಾಲಿನದ್ದು. ಅದಕ್ಕಿಂತ ಮೊದಲು ಬೇರೆ ಎರಡು ಅರ್ಜಿ ಹೋಗಿರಲಿ. ಕರೆ ಬಂದರೆ ಪಡುಬಿದ್ರಿಯಲ್ಲಿ ಇಳಿದು ಮಂಗಳೂರು ಬಸ್ ಹತ್ತುವಾಗ, ಬೈಕಂಪಾಡಿಯಲ್ಲಿ ನಿಲ್ಲಿಸ್ತೀರಾ ಎಂದು ಕಂಡಕ್ಟರರಲ್ಲಿ ಮೊದಲೇ ಕೇಳಿಕೊಳ್ಳಿ. ಮಳೆಗಾಲ ಆದರೆ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಕವರ್ ಮರೆಯಬೇಡಿ.