ಪಿಕಪ್ ಹೋದದ್ದು ಮೋಟಾರಿನಿಂದಲೋ, ಕೊಳವೆಯೊಳಗಿನ ಬಾಗಿಲಿನಿಂದಲೋ?

ಪ್ರಶ್ನೆ: ಮಾನ್ಯರೇ, ಮೂರು ವರ್ಷಗಳ ಹಿಂದೆ ನಾನು ನಾಲ್ಕು ಸಿಲಿಂಡರಿನ, 1000 ಸಿಸಿಯ ಸ್ಪೋರ್ಟ್ ಬೈಕೊಂದನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಂಡೆ. ಕಳೆದ ಮಳೆಗಾಲದಲ್ಲಿ ಯಲ್ಲಾಪುರ, ಅರಬೈಲ್ ಘಟ್ಟದ ಮಾರ್ಗವಾಗಿ ಕಾರವಾರಕ್ಕೆ ಹೋಗಿ ಬಂದ ಮೇಲೆ ಬೈಕು ಎರಡು ತಿಂಗಳು ಅಂಗಳದಲ್ಲಿ ತಾಡಪತ್ರಿಯ ಕೆಳಗೆ ನಿಂತಿತ್ತು. ಚಾವಿ ತಿರುಗಿಸಿದಾಗ ಸೀಟಿನ ಕೆಳಗಿನಿಂದ ಕೇಳುತ್ತಿದ್ದ ‘ಗುಂಯ್’ ಎಂಬ ಸದ್ದು ಈಗ ಅರ್ಧಕ್ಕೇ ನಿಲ್ಲುತ್ತದೆ, ಇಂಜಿನ್ ದೀಪ ಆರುವುದೇ ಇಲ್ಲ. ಊರೊಳಗೆ ಪಿಕಪ್ ಇಲ್ಲ. ಹೆದ್ದಾರಿಯಲ್ಲಿ ಮಾತ್ರ ಮೊದಲಿನಂತೆಯೇ ಓಡುತ್ತದೆ. ಒಬ್ಬ ಮೆಕ್ಯಾನಿಕ್ ‘ಎಕ್ಸಾಸ್ಟ್ ವಾಲ್ವ್ ಹೋಗಿದೆ, ಹೆಡ್ ಇಳಿಸಬೇಕು’ ಎನ್ನುತ್ತಾರೆ. ಇನ್ನೊಬ್ಬರು ‘ವಾಲ್ವಿನ ಮೋಟಾರು ಸುಟ್ಟಿದೆ, ಹೊಸದು ತರಿಸಿ’ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಹೆಡ್ ಇಳಿಸುವ ಮಾತಂತೂ ಹೆಸರಿನ ಗೊಂದಲದಿಂದ ಹುಟ್ಟಿದ್ದು. ಇಂಜಿನ್ನಿನ ಹೆಡ್ಡಿನಲ್ಲಿ ಕ್ಯಾಮ್‌ಶಾಫ್ಟಿನ ಒತ್ತಡಕ್ಕೆ ತೆರೆದುಕೊಳ್ಳುವ ಎಕ್ಸಾಸ್ಟ್ ವಾಲ್ವುಗಳೇ ಬೇರೆ. ಅವು ಕೆಟ್ಟರೆ ಕಂಪ್ರೆಶನ್ ಇಳಿದು ಇಂಜಿನ್ ನಿಂತಲ್ಲೇ ತೊದಲುತ್ತದೆ ಮತ್ತು ಹೆದ್ದಾರಿಯಲ್ಲಿಯೂ ಸೊರಗುತ್ತದೆ. ನಿಮ್ಮ ಬೈಕಿನಲ್ಲಿ ಸದ್ದು ಮಾಡುತ್ತಿರುವುದು ನಾಲ್ಕು ಕೊಳವೆಗಳು ಒಂದಾಗಿ ಸೈಲೆನ್ಸರಿನತ್ತ ಸಾಗುವ ಜಾಗದಲ್ಲಿ ಅಡ್ಡಲಾಗಿ ಕೂತಿರುವ, ನಾಣ್ಯದಂತಹ ಒಂದು ದುಂಡು ತಗಡನ್ನು ತಿರುಗಿಸುವ ಮೋಟಾರು. ಸೀಟಿನ ಕೆಳಗಿರುವ ಆ ಮೋಟಾರಿನ ಪುಲ್ಲಿಯಿಂದ ಎರಡು ಕೇಬಲ್‌ಗಳು ಇಳಿದು, ಒಂದು ತಗಡನ್ನು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಈ ತಗಡಿಗೂ ಎಕ್ಸಾಸ್ಟ್ ವಾಲ್ವ್ ಎಂದೇ ಹೆಸರು, ಗೊಂದಲ ಹುಟ್ಟುವುದು ಅದರಿಂದಲೇ. ಯಮಹಾ ಕಂಪನಿ 1987ರಲ್ಲಿ ಎಫ್‌ಝಡ್‌ಆರ್ 400ಆರ್ ಬೈಕಿನಲ್ಲಿ ‘ಎಕ್ಸಪ್’ ಎಂಬ ಹೆಸರಿನಿಂದ ಇದನ್ನು ತಂದಿತು. ಸುಜುಕಿಯಲ್ಲಿ ಇದಕ್ಕೆ ‘ಸೆಟ್’ ಎನ್ನುತ್ತಾರೆ. ಹೆಸರು ಬೇರೆಯಾದರೂ ಕೆಲಸ ಒಂದೇ.

ಆ ಕೆಲಸವೇನೆಂಬುದು ತಿಳಿದರೆ ನಿಮ್ಮ ಬೈಕಿನ ಕಾಯಿಲೆ ಅರ್ಧ ತಿಳಿದಂತೆ. ಸಿಲಿಂಡರಿನಿಂದ ಹೊರಬಿದ್ದ ಹೊಗೆ ಕೊಳವೆಯಲ್ಲಿ ಸುಮ್ಮನೆ ಹರಿದುಹೋಗುವುದಿಲ್ಲ. ಒತ್ತಡದ ಅಲೆಯಾಗಿ ಓಡಿ, ಕೊಳವೆ ಅಗಲವಾಗುವ ಜಾಗವನ್ನು ಮುಟ್ಟಿ, ಹಿಂದಕ್ಕೆ ಪುಟಿಯುತ್ತದೆ. ಹೆಚ್ಚಿನ ಆರ್‌ಪಿಎಮ್‌ಗೆ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳಿಗೆ) ಹೊಂದುವಂತೆ ಅಳತೆ ಮಾಡಿದ ಕೊಳವೆಯಲ್ಲಿ ಈ ಮರಳಿದ ಅಲೆ ಸರಿಯಾದ ಕ್ಷಣಕ್ಕೆ ಬಂದು ಹೊಗೆಯನ್ನು ಹೊರಗೆಳೆಯಲು ನೆರವಾಗುತ್ತದೆಯಾದರೂ, ಕಡಿಮೆ ವೇಗದಲ್ಲಿ ಅದು ತಪ್ಪು ಹೊತ್ತಿಗೆ ಬಂದು, ಒಳಬರುವ ಮತ್ತು ಹೊರಹೋಗುವ ವಾಲ್ವುಗಳೆರಡೂ ತುಸು ತೆರೆದಿರುವ ಗಳಿಗೆಯಲ್ಲಿ, ಹೊಸ ಮಿಶ್ರಣ ತುಂಬಿಕೊಳ್ಳುವುದನ್ನೇ ಕೆಡಿಸುತ್ತದೆ. ಕಡಿಮೆ ಆರ್‌ಪಿಎಮ್‌ನಲ್ಲಿ ತಗಡು ಬಹುಪಾಲು ಮುಚ್ಚಿಕೊಂಡು ಆ ಅಲೆಯ ಬಲವನ್ನು ಮುರಿಯುತ್ತದೆ, ವೇಗ ಏರಿದಂತೆ ತೆರೆದುಕೊಳ್ಳುತ್ತದೆ. ಊರೊಳಗೆ ಪಿಕಪ್ ಇಲ್ಲ, ಹೆದ್ದಾರಿಯಲ್ಲಿ ತೊಂದರೆಯಿಲ್ಲ ಎಂದರೆ ತಗಡು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿರಬೇಕು. ಮುಚ್ಚಿ ಸಿಕ್ಕಿಕೊಂಡಿದ್ದರೆ ಇದರ ತಿರುಗುಮುರುಗು ಆಗುತ್ತಿತ್ತು.

ಇನ್ನು ಎರಡನೆಯ ಮೆಕ್ಯಾನಿಕ್ಕಿನ ಮಾತು. ಮೋಟಾರು ಅರ್ಧ ತಿರುಗಿ ನಿಲ್ಲುತ್ತಿದೆ ಎಂದರೆ ಅದು ಸತ್ತಿಲ್ಲ, ತಿರುಗಲು ಹೆಣಗುತ್ತಿದೆ. ಕಡಲ ತೀರದ ಉಪ್ಪು ಗಾಳಿ, ಘಟ್ಟದ ಮಳೆ, ಆಮೇಲೆ ತಾಡಪತ್ರಿಯ ಕೆಳಗೆ ಎರಡು ತಿಂಗಳ ತೇವ ಇವೆಲ್ಲ ಸೇರಿ ತಗಡಿನ ಶಾಫ್ಟಿಗೆ ಜಂಗು ಹಿಡಿಸಿರುವ ಸಾಧ್ಯತೆಯೇ ಹೆಚ್ಚು. ಒಳಗೆ ಕೂತ ಕಾರ್ಬನ್ ಅದಕ್ಕೆ ಅಂಟಿನಂತೆ ಸೇರಿಕೊಂಡಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಇಲ್ಲಿ ದಿನನಿತ್ಯ ನಡೆಯುತ್ತದೆ. ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಹೊಸ ಮೋಟಾರು ಹಾಕಿದ ಬೈಕೊಂದು ತಿಂಗಳು ತುಂಬುವ ಮೊದಲೇ ಅದೇ ದೋಷದೊಂದಿಗೆ ಮರಳಿ ಬಂದದ್ದನ್ನು ನಾನೇ ನೋಡಿದ್ದೇನೆ. ಜಂಗು ಹಿಡಿದ ತಗಡನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಆದ್ದರಿಂದ ಮೊದಲು ಬ್ಯಾಟರಿ ನೋಡಿ. ಎರಡು ತಿಂಗಳು ನಿಂತ ಬೈಕಿನ ಬ್ಯಾಟರಿಯಲ್ಲಿ 12 ವೋಲ್ಟಿಗಿಂತ ಕಡಿಮೆ ಉಳಿದಿದ್ದರೆ ಮೋಟಾರು ತನ್ನ ಸುತ್ತನ್ನು ಪೂರ್ತಿ ಮುಗಿಸದೆ ದೀಪ ಹೊತ್ತಿಸುವುದುಂಟು. ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಮೀಟರಿನಲ್ಲಿ ದೋಷದ ಸಂಖ್ಯೆ ಕಾಣುವುದಾದರೆ ಬರೆದಿಟ್ಟುಕೊಳ್ಳಿ: ಯಮಹಾದ ಆರ್1, ಆರ್6 ಬೈಕುಗಳಲ್ಲಿ 17 ಬಂದರೆ ಮೋಟಾರಿನ ಸ್ಥಾನ ತಿಳಿಸುವ ಸೆನ್ಸರಿನ ಸರ್ಕ್ಯೂಟ್ ಎಂದೂ, 18 ಬಂದರೆ ಮೋಟಾರು ಸಿಕ್ಕಿಕೊಂಡಿದೆ ಎಂದೂ ಅರ್ಥ, ಸುಜುಕಿಯಲ್ಲಿ ಸಿ46 ಇದೇ ಘಟಕವನ್ನು ತೋರಿಸುತ್ತದೆ.

ಬಳಿಕ, ಇಂಜಿನ್ ಪೂರ್ತಿ ತಣ್ಣಗಾಗಿರುವಾಗ, ತಗಡಿನ ತುದಿಯಲ್ಲಿ ಕೇಬಲ್‌ಗಳ ಲಾಕ್‌ನಟ್ ಸಡಿಲಿಸಿ, ಎರಡನ್ನೂ ಅಲ್ಲಿನ ಪುಲ್ಲಿಯಿಂದ ಬಿಡಿಸಿ, ತಗಡಿನ ಆ ಪುಲ್ಲಿಯನ್ನು ಕೈಯಿಂದಲೇ ತಿರುಗಿಸಿ ನೋಡಿ. ನಿರ್ಣಾಯಕವಾದ ಪರೀಕ್ಷೆ ಇದೊಂದೇ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅದು ತಡೆಯಿಲ್ಲದೆ ಸುತ್ತಬೇಕು. ಸುತ್ತದಿದ್ದರೆ ಜಂಗು ಬಿಡಿಸುವ ಸ್ಪ್ರೇಯನ್ನು ಶಾಫ್ಟಿನ ಎರಡೂ ಬದಿಗೆ ಹೊಡೆದು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಾಡಿಸುತ್ತ ಬಿಡಿಸಿ. ಸುತ್ತಿಗೆ ಬೇಡ. ಬಿಸಿ ಕೊಳವೆಯ ಮೇಲೆ ಸ್ಪ್ರೇ ಹೊಡೆಯುವುದಂತೂ ಬೇಡವೇ ಬೇಡ, ಬೆಂಕಿ ಹತ್ತುತ್ತದೆ. ಬಿಡಿಸಿದ ಮೇಲೆ ಸಾಮಾನ್ಯ ಗ್ರೀಸ್ ಹಚ್ಚಿದರೆ ಅದು ಒಂದೇ ಸವಾರಿಯಲ್ಲಿ ಸುಟ್ಟು ಮತ್ತಷ್ಟು ಕಾರ್ಬನ್ ಆಗುವುದರಿಂದ, ಹೆಚ್ಚಿನ ಶಾಖ ತಡೆಯುವ ತಾಮ್ರದ ಇಲ್ಲವೆ ನಿಕ್ಕಲ್ಲಿನ ಆಂಟಿ-ಸೀಜ್ ಪೇಸ್ಟನ್ನೇ ಬಳಸಬೇಕು.

ಕೇಬಲ್‌ಗಳು ಕಳಚಿರುವ ಇದೇ ಹೊತ್ತಿನಲ್ಲಿ ಚಾವಿ ತಿರುಗಿಸಿ ಮೋಟಾರನ್ನೂ ನೋಡಿ. ಬರಿದಾಗಿ ಅದು ಪೂರ್ತಿ ಸುತ್ತು ಹೋಗಿ ಮರಳಿದರೆ ನಿರಪರಾಧಿ; ನಿಮ್ಮ ಹಣ ಉಳಿಯಿತು. ಆಗ ಕೇಬಲ್‌ಗಳ ಎಳೆ ಹರಿದಿದೆಯೇ, ಒಳಗೆ ಮಣ್ಣು ಸೇರಿದೆಯೇ ಎಂದು ನೋಡಿದರೆ ಸಾಕು. ಬರಿದಾಗಿಯೂ ಸುತ್ತದಿದ್ದರೆ ಕನೆಕ್ಟರ್ ಬಿಚ್ಚಿ ಪಿನ್ನುಗಳು ಹಸಿರುಗಟ್ಟಿವೆಯೇ, ವೈರನ್ನು ಇಲಿ ಕಡಿದಿದೆಯೇ ಎಂದು ಪರೀಕ್ಷಿಸಿ. ಮೋಟಾರಿನ ಎರಡು ವೈರುಗಳಿಗೆ ಮಾತ್ರ ಕ್ಷಣಕಾಲ 12 ವೋಲ್ಟ್ ಕೊಟ್ಟರೆ ಒಂದು ದಿಕ್ಕಿಗೂ, ವೈರುಗಳನ್ನು ಅದಲುಬದಲು ಮಾಡಿದರೆ ಎದುರು ದಿಕ್ಕಿಗೂ ಸುತ್ತಬೇಕು. ಮೋಟಾರು ಸುತ್ತಿನ ತುದಿ ಮುಟ್ಟಿದೊಡನೆ ವೈರುಗಳನ್ನು ತೆಗೆದುಬಿಡಿ. ಉಳಿದ ಮೂರು ವೈರುಗಳು ಸ್ಥಾನ ತಿಳಿಸುವ ಸೆನ್ಸರಿಗೆ ಸೇರಿದವು, ಅವು ಸುಮಾರು 5 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಅವುಗಳಿಗೆ ಬ್ಯಾಟರಿ ಮುಟ್ಟಿಸಿದರೆ ಇಲ್ಲದ ದೋಷವನ್ನು ನೀವೇ ತಂದುಕೊಂಡಂತೆ. ಆದ್ದರಿಂದ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ವೈರುಗಳ ಬಣ್ಣವನ್ನು ಖಚಿತಪಡಿಸಿಕೊಳ್ಳದೆ ಈ ಪರೀಕ್ಷೆಗೆ ಕೈ ಹಾಕಬೇಡಿ. ಸೆನ್ಸರನ್ನು ಮಲ್ಟಿಮೀಟರಿನ ಓಮ್ ಮಾಪನದಲ್ಲಿ ನೋಡಿದಾಗ, ಮೋಟಾರಿನ ಪುಲ್ಲಿ ಸುತ್ತಿದಂತೆ ಅಂಕಿ ಒಂದೇ ಸಮನೆ ಏರಬೇಕು ಇಲ್ಲವೆ ಇಳಿಯಬೇಕು. ನಡುವೆ ಜಿಗಿದರೆ ಒಳಗಿನ ಪಟ್ಟಿ ಸವೆದಿದೆ.

ಈ ಪರೀಕ್ಷೆಗಳಲ್ಲಿ ಸೋತರೆ ಮಾತ್ರ ಮೋಟಾರು ಬದಲಿಸಿ. ಬಿಚ್ಚುವ ಮೊದಲು ಯಾವ ಕೇಬಲ್ ಪುಲ್ಲಿಯ ಯಾವ ತೋಡಿನಲ್ಲಿ ಕೂತಿದೆ ಎಂಬುದರ ಫೋಟೋ ತೆಗೆದು, ಕೇಬಲ್‌ಗಳಿಗೆ ಗುರುತು ಕಟ್ಟಿ. ಮೋಟಾರಿನ ಪುಲ್ಲಿಯ ಬೋಲ್ಟು ಬಿಚ್ಚುವಾಗ ಪುಲ್ಲಿಯನ್ನೇ ಪಾನಾದಿಂದ ಹಿಡಿದುಕೊಳ್ಳಬೇಕು. ಹಿಡಿಯದೆ ತಿರುಗಿಸಿದರೆ ಆ ಬಲವೆಲ್ಲ ಮೋಟಾರಿನೊಳಗಿನ ಸಣ್ಣ ಗಿಯರುಗಳ ಮೇಲೆ ಬಿದ್ದು ಹಲ್ಲು ಮುರಿಯುತ್ತದೆ. ಹೊಸ ಮೋಟಾರಿಗೆ ಮೊದಲು ಕನೆಕ್ಟರ್ ಜೋಡಿಸಿ, ಚಾವಿ ತಿರುಗಿಸಿ, ಅದು ತನ್ನ ವಿಶ್ರಾಂತಿಯ ಸ್ಥಾನಕ್ಕೆ ಬಂದು ನಿಂತ ಮೇಲಷ್ಟೇ ಕೇಬಲ್ ಹಾಕಿ. ನಂತರ ತಗಡಿನ ತುದಿಯ ಗುರುತುಗಳನ್ನು ಮ್ಯಾನ್ಯುಯಲ್ ಹೇಳಿದಂತೆ ಸರಿಹೊಂದಿಸಿ, ಕೇಬಲ್ಲಿಗೆ ತುಸುವೇ ಆಟ ಉಳಿಯುವಂತೆ ಲಾಕ್‌ನಟ್ ಬಿಗಿಮಾಡಿ. ಕೇಬಲ್ಲನ್ನು ತಂತಿಯಂತೆ ಬಿಗಿದರೆ ಮೋಟಾರು ಮತ್ತೆ ಹೆಣಗುತ್ತದೆ.

ಅನುಭವಿಗಳೂ ಎಡವುವ ಒಂದು ಜಾಗವಿದೆ. ಸ್ಥಾನ ತಿಳಿಸುವ ಸೆನ್ಸರ್ ಇರುವುದು ಮೋಟಾರಿನೊಳಗೆ, ಕೊಳವೆಯಲ್ಲಲ್ಲ. ಕೇಬಲ್ ಹರಿದಿದ್ದರೂ, ಅದಲುಬದಲಾಗಿದ್ದರೂ ಮೋಟಾರು ಸರಾಗವಾಗಿ ಸುತ್ತಿದರೆ ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಎಲ್ಲವೂ ಸರಿಯಿದೆ ಎಂದೇ ತಿಳಿದು ದೀಪವನ್ನು ಆರಿಸಿಬಿಡುತ್ತದೆ. ಹೀಗಾಗಿ ದೀಪ ಆರಿತೆಂದು ಸೀಟು ಮುಚ್ಚಬೇಡಿ. ಯಾರಿಂದಾದರೂ ಚಾವಿ ತಿರುಗಿಸಿಸಿ, ನೀವು ಕೆಳಗೆ ಕೂತು ತಗಡಿನ ಪುಲ್ಲಿ ನಿಜಕ್ಕೂ ಸುತ್ತುವುದನ್ನು ಕಣ್ಣಾರೆ ನೋಡಿ.

ಪ್ರಶ್ನೆ: ಈ ವಾಲ್ವಿನ ಕಾಟವೇ ಬೇಡವೆಂದು ಗೆಳೆಯರು ಅದನ್ನು ತೆರೆದಿಟ್ಟು ತಂತಿಯಿಂದ ಕಟ್ಟಿ, ದೀಪ ಹೊತ್ತದಂತೆ ಒಂದು ಸಣ್ಣ ಡಬ್ಬಿ ಜೋಡಿಸಲು ಹೇಳುತ್ತಿದ್ದಾರೆ. ಮಾಡಿಸಬಹುದೇ?
— ಓದುಗರು, ಗದಗ

ಉತ್ತರ: ನನ್ನ ಮಟ್ಟಿಗೆ ಬೇಡ. ಆ ಡಬ್ಬಿ ಮೋಟಾರು ಸುತ್ತುತ್ತಿದೆ ಎಂದು ಇಸಿಯುಗೆ ಸುಳ್ಳು ಹೇಳುತ್ತದೆ, ಅಷ್ಟೆ. ಅಣ್ಣಿಗೇರಿ ದಾಟಿ ಹುಬ್ಬಳ್ಳಿಯವರೆಗೆ ಒಂದೇ ವೇಗದಲ್ಲಿ ಸಾಗುವಾಗ ಇದರ ನಷ್ಟ ನಿಮಗೆ ತಿಳಿಯಲಿಕ್ಕಿಲ್ಲ. ಪೇಟೆಯ ಸಂದಣಿಯಲ್ಲಿ ಕಡಿಮೆ ಆರ್‌ಪಿಎಮ್‌ನಲ್ಲಿ ಸಾಗುವಾಗ ತಿಳಿಯುತ್ತದೆ. ಸದ್ದೂ ಏರುತ್ತದೆ, ಮತ್ತು ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಡಬ್ಬಿಯಿಲ್ಲದೆ, ಕೇಬಲ್ ಬಿಡಿಸದೆ ಬರಿ ತಂತಿ ಕಟ್ಟಿದಿರಾದರೆ ಮೋಟಾರು ಪ್ರತಿ ಸಲವೂ ಆ ತಂತಿಯೊಡನೆ ಜಗ್ಗಾಡಿ ಸುಟ್ಟುಹೋಗುತ್ತದೆ.

ಪ್ರಶ್ನೆ: ನನ್ನ 125 ಸಿಸಿ ಬೈಕಿನಲ್ಲಿಯೂ ಪಿಕಪ್ ಇಲ್ಲ. ಈ ಮೋಟಾರನ್ನು ಎಲ್ಲಿ ಹುಡುಕಲಿ?
— ಓದುಗರು, ಹಾವೇರಿ

ಉತ್ತರ: ಹುಡುಕಬೇಡಿ, ದಿನಬಳಕೆಯ 125 ಸಿಸಿ ಬೈಕುಗಳಲ್ಲಿ ಇದು ಇರುವುದಿಲ್ಲ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿದೆಯೇ, ಹಿಂದಿನ ಬ್ರೇಕು ಹಿಡಿದುಕೊಂಡೇ ಓಡುತ್ತಿದೆಯೇ, ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟವಿದೆಯೇ ನೋಡಿ. ಆಟವೇ ಇಲ್ಲದಿದ್ದರೆ ಕ್ಲಚ್ ಜಾರುತ್ತಿರಬಹುದು; ಮೊದಲು ಕೇಬಲ್ ಸಡಿಲಿಸಿ ಓಡಿಸಿ ನೋಡಿ, ಆಮೇಲೆ ಪ್ಲೇಟಿನ ಮಾತು.